ಮಾಲ್ಟಾ ಪ್ರವಾಸ: ಪದೇ ಪದೇ ಕೇಳುವ ಪ್ರಶ್ನೆಗಳು

ಮಾಲ್ಟಾಕ್ಕೆ ಎರಡು ಸಲ ಹೋಗಿ ಬಂದೆ. ಮೊದಲ ಸಲ ಒಬ್ಬನೇ, ಎರಡನೇ ಸಲ ಆಯಿಯನ್ನು ಕರೆದುಕೊಂಡು. ಅಂದಿನಿಂದ ನೆಂಟರು, ಸ್ನೇಹಿತರು, ಅವರ ಸ್ನೇಹಿತರು ಎಲ್ಲರೂ ಕೇಳುವುದು ಹೆಚ್ಚುಕಡಿಮೆ ಅದೇ ಪ್ರಶ್ನೆಗಳು. ಒಬ್ಬೊಬ್ಬರಿಗೂ ವಾಟ್ಸಾಪಿನಲ್ಲಿ ಬರೆದು ಸಾಕಾಯಿತು. ಹಾಗಾಗಿ ಎಲ್ಲವನ್ನೂ ಒಂದೇ ಕಡೆ ಹಾಕಿದ್ದೇನೆ.

ಮಾಲ್ಟಾ ಎಲ್ಲಿದೆ? ಎಷ್ಟು ದೊಡ್ಡದು?

ಇಟಲಿಯ ಬೂಟಿನ ತುದಿಯಲ್ಲಿ ಸಿಸಿಲಿ ದ್ವೀಪ ಇದೆಯಲ್ಲ, ಅಲ್ಲಿಂದ ತೆಂಕಣಕ್ಕೆ ಸುಮಾರು 90 ಕಿಲೋಮೀಟರ್. ಇನ್ನೂ ಕೆಳಗೆ ಹೋದರೆ ಲಿಬಿಯಾ. ಮಾಲ್ಟಾ ಅನ್ನುವುದು ಒಂದೇ ದ್ವೀಪ ಅಲ್ಲ, ಜನ ಇರುವ ಮೂರು ದ್ವೀಪಗಳ ದೇಶ: ಮಾಲ್ಟಾ, ಗೋಝೋ, ಮತ್ತು ಹೆಸರಿಗೆ ಮಾತ್ರ ಜನವಸತಿ ಇರುವ ಕೊಮಿನೋ. ಎಲ್ಲ ಸೇರಿ 316 ಚದರ ಕಿಲೋಮೀಟರ್. ಬೆಂಗಳೂರು ಮಹಾನಗರದ ಅರ್ಧವೂ ಆಗುವುದಿಲ್ಲ. ಅಷ್ಟರಲ್ಲೇ ಐದು ಲಕ್ಷಕ್ಕಿಂತ ಜಾಸ್ತಿ ಜನ.

ಇಷ್ಟು ಸಣ್ಣ ಜಾಗದಲ್ಲಿ ನೋಡುವುದಕ್ಕೆ ಏನಿದೆ?

ಸಣ್ಣದು ಅನ್ನುವುದೇ ಅದರ ಸೊಗಸು. ರೋಮಿನಲ್ಲೋ ಇಸ್ತಾಂಬುಲ್‌ನಲ್ಲೋ ಇತಿಹಾಸ ಊರಿಡೀ ಹರಡಿರುತ್ತದೆ. ಮಾಲ್ಟಾದಲ್ಲಿ ಹರಡುವುದಕ್ಕೆ ಜಾಗವೇ ಇಲ್ಲ, ಒಂದರ ಮೇಲೊಂದು ಪೇರಿಸಿಟ್ಟಿದ್ದಾರೆ. ಫಿನೀಷಿಯನ್ನರು ಬಂದರು, ರೋಮನ್ನರು ಬಂದರು, ಅರಬ್ಬರು ಬಂದರು, ಸಿಸಿಲಿಯ ನಾರ್ಮನ್ನರು ಬಂದರು. 1530ರಲ್ಲಿ ಸೇಂಟ್ ಜಾನ್ ಪಂಥದ ನೈಟ್‌ಗಳು, ಅಂದರೆ ಕ್ರೈಸ್ತ ಸನ್ಯಾಸಿ-ಯೋಧರು ಬಂದರು. 1798ರಲ್ಲಿ ನೆಪೋಲಿಯನ್ ಬಂದ, 1800ರಲ್ಲಿ ಬ್ರಿಟಿಷರು. 1964ರಲ್ಲಿ ಸ್ವಾತಂತ್ರ್ಯ ಸಿಕ್ಕಿತು. ಬಂದವರು ಯಾರೂ ಹಿಂದಿನವರದ್ದನ್ನು ಪೂರ್ತಿ ಅಳಿಸಿ ಹಾಕಲಿಲ್ಲ. ಬೆಳಿಗ್ಗೆ ಐದೂವರೆ ಸಾವಿರ ವರ್ಷ ಹಳೆಯ ಕಲ್ಲಿನ ಗುಡಿ, ಮಧ್ಯಾಹ್ನ ನೈಟ್‌ಗಳ ಕೋಟೆ, ಸಂಜೆ ಬ್ರಿಟಿಷರ ಕೆಂಪು ಟೆಲಿಫೋನ್ ಪೆಟ್ಟಿಗೆಯ ಪಕ್ಕ ಕೂತು ಕಾಫಿ. ಮೂರಕ್ಕೂ ಸಿಟಿ ಬಸ್ಸಿನಲ್ಲೇ ಹೋಗಬಹುದು.

ಇನ್ನೊಂದು, ಕಲ್ಲು. ಇಡೀ ದೇಶವೇ ಒಂದೇ ಬಣ್ಣ, ಜೇನುತುಪ್ಪದ ಬಣ್ಣ. ಅಲ್ಲಿನ ಸುಣ್ಣದಕಲ್ಲು ಗಣಿಯಿಂದ ತೆಗೆಯುವಾಗ ಮೆತ್ತಗಿರುತ್ತದೆ, ಗರಗಸದಲ್ಲಿ ಕೊಯ್ಯಬಹುದು. ಗಾಳಿಗಿಟ್ಟ ಮೇಲೆ ಹೊರಮೈ ಗಟ್ಟಿಯಾಗುತ್ತದೆ. ನಮ್ಮ ಕುಮಟಾ ಕಡೆಯ ಚಿರೇಕಲ್ಲು ನೋಡಿದವರಿಗೆ ಇದು ಹೊಸದಲ್ಲ. ಆಯಿ ಗೋಡೆಯ ಮೇಲೆ ಕೈಯಾಡಿಸಿ, "ಬಣ್ಣ ಬೇರೆ ಅಷ್ಟೇ ತಮಾ, ಗುಣ ನಮ್ಮದೇ" ಅಂದಳು. ಸಂಜೆ ಐದರ ನಂತರ ಬಿಸಿಲು ಓರೆಯಾದಾಗ ಆ ಗೋಡೆಗಳನ್ನು ನೋಡಬೇಕು.

ಪಿರಮಿಡ್ಡಿಗಿಂತ ಹಳೆಯ ಗುಡಿಗಳಿವೆಯಂತೆ. ನಿಜವಾ?

ನಿಜ. ಗೋಝೋದ ಜ್ಗಾಂತೀಯಾ ಗುಡಿ ಕ್ರಿ.ಪೂ. 3600ರ ಆಸುಪಾಸಿನದು. ಗೀಝಾದ ದೊಡ್ಡ ಪಿರಮಿಡ್ಡಿಗಿಂತ ಸಾವಿರ ವರ್ಷ ಹಿಂದಿನದು. ಲೋಹ ಗೊತ್ತಿರಲಿಲ್ಲ, ಕಲ್ಲಿನ ಉಪಕರಣದಲ್ಲೇ ಕಟ್ಟಿದ್ದು. ಅಲ್ಲಿನ ಬಂಡೆಗಳನ್ನು ನೋಡಿದ ಹಳ್ಳಿಯವರು ಮನುಷ್ಯರು ಕಟ್ಟಿದ್ದೆಂದು ನಂಬಲೇ ಇಲ್ಲ. ಅವರ ಕತೆಯ ಪ್ರಕಾರ ಒಬ್ಬಳು ರಾಕ್ಷಸಿ ಬರೀ ಅವರೆಯಂಥ ಕಾಳು ಮತ್ತು ಜೇನು ತಿಂದುಕೊಂಡು, ಹೆಗಲಿಗೆ ಮಗುವನ್ನು ಕಟ್ಟಿಕೊಂಡು ಈ ಗುಡಿ ಕಟ್ಟಿದಳಂತೆ. ಹೆಗಲ ಮೇಲೆ ಮಗು ಇರುವ ರಾಕ್ಷಸಿ! ನಮ್ಮ ಕಡೆ ಆಗಿದ್ದರೆ ಭೀಮನ ಹೆಸರು ಹೇಳಿ ಮುಗಿಸುತ್ತಿದ್ದರು, ಅಲ್ವಾ?

ಮುಖ್ಯ ದ್ವೀಪದ ದಕ್ಷಿಣಕ್ಕೆ ಕಡಲಿಗೆ ಮುಖ ಮಾಡಿ ಹಜರ್ ಈಮ್ ಮತ್ತು ಮ್ನೈದ್ರಾ ಎಂಬ ಎರಡು ಗುಡಿಗಳಿವೆ. ಒಂದರಿಂದ ಇನ್ನೊಂದಕ್ಕೆ ನಡೆದುಕೊಂಡೇ ಹೋಗಬಹುದು. ಮ್ನೈದ್ರಾದ ಕೆಳಗಿನ ಗುಡಿಯಲ್ಲಿ ಹಗಲು-ರಾತ್ರಿ ಸಮ ಆಗುವ ದಿನ, ಅಂದರೆ ಮಾರ್ಚ್ ಮತ್ತು ಸೆಪ್ಟೆಂಬರಿನಲ್ಲಿ, ಮೂಡುವ ಸೂರ್ಯನ ಬೆಳಕು ಬಾಗಿಲಿನ ಮೂಲಕ ನೇರ ಒಳಗಿನ ತನಕ ಬರುತ್ತದೆ. ಬೆಂಗಳೂರಿನ ಗವಿ ಗಂಗಾಧರೇಶ್ವರದಲ್ಲಿ ಸಂಕ್ರಾಂತಿಯ ದಿನ ಕಾಯುವ ಹಾಗೆ ಇಲ್ಲೂ ಜನ ಕಾಯುತ್ತಾರೆ. ಈ ಎರಡೂ ಗುಡಿಗಳ ಮೇಲೆ ಈಗ ದೊಡ್ಡ ಬಿಳಿ ಚಪ್ಪರ ಇದೆ. ಕಲ್ಲು ಸವೆಯಬಾರದೆಂದು 2009ರಲ್ಲಿ ಹಾಕಿದ್ದು. ಫೋಟೋಗೆ ಚೆಂದ ಕಾಣುವುದಿಲ್ಲ ಎಂದು ಗೊಣಗುವವರಿದ್ದಾರೆ. ಚಪ್ಪರ ಇಲ್ಲದಿದ್ದರೆ ಗುಡಿ ಉಳಿಯುವುದಿಲ್ಲ, ಅಷ್ಟೇ.

ಹೈಪೋಜಿಯಮ್ ಟಿಕೆಟ್ ಸಿಗುವುದೇ ಇಲ್ಲ. ಅಷ್ಟು ಕಷ್ಟ ಪಡಬೇಕಾ?

ಪಡಬೇಕು. ಹಾಲ್ ಸಫ್ಲೀನಿ ಹೈಪೋಜಿಯಮ್ ಅನ್ನುವುದು ನೆಲದೊಳಗೆ ಬಂಡೆ ಕೊರೆದು ಮಾಡಿದ ಮೂರು ಅಂತಸ್ತಿನ ಸಮಾಧಿ. 1902ರಲ್ಲಿ ಮನೆ ಕಟ್ಟುವಾಗ ನೀರಿನ ತೊಟ್ಟಿ ತೋಡುತ್ತಿದ್ದ ಕೆಲಸಗಾರರಿಗೆ ಸಿಕ್ಕಿತು. ಸುಮಾರು ಏಳು ಸಾವಿರ ಜನರ ಎಲುಬುಗಳು ಅಲ್ಲಿದ್ದವೆಂದು ಅಂದಾಜು. ನೆಲದ ಮೇಲಿನ ಗುಡಿಗಳ ಕಂಬ, ತೊಲೆ, ಬಾಗಿಲುಗಳನ್ನೇ ಬಂಡೆಯೊಳಗೆ ಕೆತ್ತಿದ್ದಾರೆ. ಚಾವಣಿಯಲ್ಲಿ ಕೆಂಪು ಕಾವಿಯ ಸುರುಳಿ ಚಿತ್ರಗಳಿವೆ. ನಮ್ಮ ಉಸಿರಿನ ತೇವಕ್ಕೇ ಆ ಬಣ್ಣ ಹಾಳಾಗುತ್ತದೆ. ಅದಕ್ಕೇ ಒಂದು ಸಲಕ್ಕೆ ಹತ್ತೇ ಜನರನ್ನು ಬಿಡುತ್ತಾರೆ. ಆರು ವರ್ಷದೊಳಗಿನ ಮಕ್ಕಳಿಗೆ ಪ್ರವೇಶವಿಲ್ಲ, ಕ್ಯಾಮೆರಾ ಹೊರಗಿಟ್ಟು ಹೋಗಬೇಕು.

ನನ್ನ ಕತೆ ಕೇಳಿ. ಮೊದಲ ಸಲ ಹೋದಾಗ "ಅಲ್ಲೇ ಹೋಗಿ ತಗೊಂಡರಾಯ್ತು" ಎಂದು ಸುಮ್ಮನೆ ಹೋದೆ. ಬಾಗಿಲಲ್ಲಿದ್ದ ಹುಡುಗಿ ನಕ್ಕಳು. ಪಾಪ, ಬೈಯಲಿಲ್ಲ. ಸಾಮಾನ್ಯ ಮನೆಗಳ ಸಾಲಿನಲ್ಲಿ ಸಾಮಾನ್ಯ ಬಾಗಿಲು. ಅದರ ಎದುರು ಹತ್ತು ನಿಮಿಷ ನಿಂತು ವಾಪಸ್ ಬಂದೆ. ಎರಡನೇ ಸಲ ವಿಮಾನದ ಟಿಕೆಟ್ಟಿಗಿಂತ ಮುಂಚೆ ಹೈಪೋಜಿಯಮ್ ಟಿಕೆಟ್ ಮಾಡಿದೆ. ನೀವೂ ಅದನ್ನೇ ಮಾಡಿ. ಒಂದೆರಡು ತಿಂಗಳು ಮುಂಚೆಯೇ ಆನ್‌ಲೈನಿನಲ್ಲಿ ನೋಡಿ. ಬೇರೆ ಜಾಗಗಳಿಗೆಲ್ಲ ಸೇರಿಸಿ ಒಂದೇ ಪಾಸ್ ಸಿಗುತ್ತದೆ, ಆದರೆ ಹೈಪೋಜಿಯಮ್ ಅದರಲ್ಲಿ ಬರುವುದಿಲ್ಲ.

ಅಲ್ಲಿ ಸಿಕ್ಕ "ಮಲಗಿರುವ ಹೆಂಗಸು" ಎಂಬ ಮಣ್ಣಿನ ಬೊಂಬೆ ರಾಜಧಾನಿ ವ್ಯಾಲೆಟ್ಟಾದ ಪುರಾತತ್ವ ಮ್ಯೂಸಿಯಮ್ಮಿನಲ್ಲಿದೆ. ಅಂಗೈಯಷ್ಟು ಉದ್ದ. ಒಂದು ಕೈಯನ್ನು ತಲೆಯಡಿ ಇಟ್ಟುಕೊಂಡು, ಮಗ್ಗುಲಾಗಿ, ದಪ್ಪ ಸೊಂಟದವಳು ಹಾಯಾಗಿ ಮಲಗಿದ್ದಾಳೆ. ಊಟ ಆದ ಮೇಲೆ ಜಗಲಿಯಲ್ಲಿ ಹೀಗೇ ಮಲಗುವವರನ್ನು ನಾನು ನೋಡಿದ್ದೇನೆ.

ವ್ಯಾಲೆಟ್ಟಾಗೆ ಒಂದು ದಿನ ಸಾಕಾ?

ನಡೆದು ಮುಗಿಸುವುದಕ್ಕೆ ಅರ್ಧ ದಿನ ಸಾಕು. ಊರಿನ ಉದ್ದ ಒಂದು ಕಿಲೋಮೀಟರಿನಷ್ಟು. ಆದರೆ ಎರಡು ದಿನ ಇಡಿ.

ಊರು ಹುಟ್ಟಿದ್ದೇ ಒಂದು ಯುದ್ಧದಿಂದ. ನೈಟ್‌ಗಳು ಅಂದರೆ ಯೂರೋಪಿನ ಶ್ರೀಮಂತ ಮನೆತನಗಳ ಹುಡುಗರು, ಸನ್ಯಾಸಿಗಳ ವ್ರತ ಹಿಡಿದ ಯೋಧರು. 1522ರಲ್ಲಿ ಒಟ್ಟೋಮನ್ ತುರ್ಕರು ಅವರನ್ನು ರೋಡ್ಸ್ ದ್ವೀಪದಿಂದ ಓಡಿಸಿದರು. ಚಕ್ರವರ್ತಿ ಐದನೇ ಚಾರ್ಲ್ಸ್ ಅವರಿಗೆ ಮಾಲ್ಟಾ ಕೊಟ್ಟ. ವರ್ಷಕ್ಕೆ ಬಾಡಿಗೆ ಒಂದು ಗಿಡುಗ! 1565ರಲ್ಲಿ ತುರ್ಕರು ಇಲ್ಲಿಗೂ ಬಂದರು. ಮೂವತ್ತು ಸಾವಿರಕ್ಕಿಂತ ಹೆಚ್ಚು ಸೈನ್ಯ. ಒಳಗಿದ್ದ ನೈಟ್‌ಗಳು ಐನೂರು ಚಿಲ್ಲರೆ, ಜೊತೆಗೆ ಕೆಲವು ಸಾವಿರ ಸೈನಿಕರು ಮತ್ತು ಊರವರು. ಬಂದರಿನ ಬಾಯಿಯ ತುದಿಯಲ್ಲಿದ್ದ ಸಣ್ಣ ಸೇಂಟ್ ಎಲ್ಮೋ ಕೋಟೆ ನಾಲ್ಕೈದು ದಿನದಲ್ಲಿ ಬೀಳುತ್ತದೆಂದು ತುರ್ಕರ ಲೆಕ್ಕ. ಅದು ಒಂದು ತಿಂಗಳು ನಿಂತಿತು. ಆ ತಿಂಗಳೇ ಲೆಕ್ಕ ತಪ್ಪಿಸಿತು. ಸೆಪ್ಟೆಂಬರ್ 8ರ ಹೊತ್ತಿಗೆ ಮುತ್ತಿಗೆ ಮುಗಿಯಿತು. ಇವತ್ತಿಗೂ ಆ ದಿನ ಅಲ್ಲಿ ರಜೆ. ಮರುವರ್ಷ, 1566ರಲ್ಲಿ, ನೈಟ್‌ಗಳ ಮುಖ್ಯಸ್ಥ, ಗ್ರ್ಯಾಂಡ್ ಮಾಸ್ಟರ್ ಲಾ ವಾಲೆಟ್, ಆ ಕೋಟೆಯ ಹಿಂದಿನ ಬೋಳುಗುಡ್ಡದ ಮೇಲೆ ಹೊಸ ಊರಿಗೆ ಅಡಿಗಲ್ಲು ಹಾಕಿದ. ಅವನ ಹೆಸರೇ ಊರಿನ ಹೆಸರು.

ನೈಟ್‌ಗಳ ದೊಡ್ಡ ಚರ್ಚು ಸೇಂಟ್ ಜಾನ್ಸ್ ಕೋ-ಕೆಥೆಡ್ರಲ್ ಹೊರಗಿನಿಂದ ನೋಡಿದರೆ ತಾಲೂಕು ಕಚೇರಿಯಷ್ಟು ಸಪ್ಪೆ. ಒಳಗೆ ಕಾಲಿಟ್ಟರೆ ಕಣ್ಣು ಕೋರೈಸುವ ಬಂಗಾರ. ಎಲ್ಲರೂ ಮೇಲೆ ನೋಡುತ್ತಾರೆ, ನೀವು ಕೆಳಗೆ ನೋಡಿ. ನೆಲವಿಡೀ ಬಣ್ಣದ ಅಮೃತಶಿಲೆಯ ಸಮಾಧಿಗಳು, ಸುಮಾರು ನಾನೂರು. ಒಂದೊಂದರ ಮೇಲೂ ಕಲ್ಲಿನ ಚೂರು ಜೋಡಿಸಿ ಮಾಡಿದ ಚಿತ್ರ: ಕುಡುಗೋಲು ಹಿಡಿದ ಅಸ್ಥಿಪಂಜರ, ರೆಕ್ಕೆ ಇರುವ ತಲೆಬುರುಡೆ, ಮರಳುಗಡಿಯಾರ. ಸತ್ತವರ ಮೇಲೆಯೇ ನಡೆಯಬೇಕು, ಬೇರೆ ದಾರಿ ಇಲ್ಲ. ಚೂಪು ಹಿಮ್ಮಡಿಯ ಚಪ್ಪಲಿ ಬಿಡುವುದಿಲ್ಲ. ಆಯಿ ಚಪ್ಪಲಿ ಬಾಗಿಲಲ್ಲೇ ಕಳಚಿಟ್ಟು ಹೊರಟಳು. ಕಾವಲಿನವನು ಓಡಿ ಬಂದು ಹಾಕಿಕೊಳ್ಳಿ ಎಂದು ಕೈಸನ್ನೆ ಮಾಡಿದ. "ಹೆಣದ ಮೇಲೆ, ಅದೂ ದೇವಸ್ಥಾನದಲ್ಲಿ, ಚಪ್ಪಲಿ ಹಾಕಿ ನಡೀಬೇಕಾ?" ಎಂದು ಅವಳು ಹೊರಗೆ ಬರುವ ತನಕ ಗೊಣಗುತ್ತಿದ್ದಳು.

ಪಕ್ಕದ ಪ್ರಾರ್ಥನಾ ಕೋಣೆಯಲ್ಲಿ ಇಟಲಿಯ ಚಿತ್ರಕಾರ ಕಾರವಾಜ್ಜೋ 1608ರಲ್ಲಿ ಬರೆದ ದೊಡ್ಡ ಚಿತ್ರ ಇದೆ, ಸ್ನಾನಿಕ ಯೋಹಾನನ ಶಿರಚ್ಛೇದ. ಆತ ಸಹಿ ಹಾಕಿದ ಒಂದೇ ಚಿತ್ರ ಇದು, ಸಹಿ ಇರುವುದು ನೆಲಕ್ಕೆ ಹರಿದ ರಕ್ತದಲ್ಲಿ. ಕಾರವಾಜ್ಜೋ ರೋಮಿನಲ್ಲಿ ಕೊಲೆ ಮಾಡಿ ತಪ್ಪಿಸಿಕೊಂಡು ಬಂದವನು. ಇಲ್ಲಿ ನೈಟ್ ಪದವಿ ಸಿಕ್ಕಿತು. ಕೆಲವೇ ತಿಂಗಳಲ್ಲಿ ಮತ್ತೆ ಜಗಳ, ಮತ್ತೆ ಸೆರೆ. ಕೋಟೆಯಿಂದ ಪರಾರಿಯಾದ. ಅವನನ್ನು ಪಂಥದಿಂದ ಹೊರಹಾಕುವ ಸಭೆ ನಡೆದದ್ದು ಇದೇ ಕೋಣೆಯಲ್ಲಿ, ಅವನೇ ಬರೆದ ಈ ಚಿತ್ರದ ಎದುರು. ಚಿತ್ರದ ಅರ್ಧದಷ್ಟು ಜಾಗ ಬರೀ ಕತ್ತಲೆ, ಖಾಲಿ ಗೋಡೆ. ಅಲ್ಲೊಂದು ಬೆಂಚು ಇದೆ. ಕೂತು ನೋಡಿ, ಅವಸರ ಬೇಡ. ಭಾನುವಾರ ಪ್ರವಾಸಿಗರಿಗೆ ತೆರೆದಿರುವುದಿಲ್ಲ, ನೆನಪಿರಲಿ. ಭುಜ, ಮೊಣಕಾಲು ಮುಚ್ಚುವ ಬಟ್ಟೆ ಇರಲಿ.

ಮಧ್ಯಾಹ್ನ 12ಕ್ಕೆ ಅಪ್ಪರ್ ಬರ್‍ರಾಕ್ಕಾ ತೋಟಕ್ಕೆ ಹೋಗಿ. ಕೆಳಗಿನ ಕಟ್ಟೆಯಲ್ಲಿ ತೋಪು ಹಾರಿಸುತ್ತಾರೆ. ತೋಪಿಗಿಂತ ಅಲ್ಲಿಂದ ಕಾಣುವ ಬಂದರು ಮುಖ್ಯ.

ಮ್ದಿನಾ ನೋಡಲೇಬೇಕಾ?

ನೋಡಿ, ಆದರೆ ಹಗಲು ಬೇಡ. ಹಗಲಿನಲ್ಲಿ ಟೂರಿಸ್ಟ್ ಬಸ್ಸುಗಳು. ಇದು ಹಳೆಯ ರಾಜಧಾನಿ, ಕೋಟೆಯೊಳಗಿನ ಊರು. ಈಗ ಮುನ್ನೂರು ಜನರೂ ಇಲ್ಲ. ಸಂಜೆ ಏಳರ ಮೇಲೆ ಹೋದರೆ ನಿಮ್ಮ ಹೆಜ್ಜೆಯ ಸದ್ದು ನಿಮಗೇ ಕೇಳಿಸುತ್ತದೆ.

ಭಾಷೆಯ ತೊಂದರೆ ಆಗುತ್ತದಾ?

ಇಲ್ಲ. ಇಂಗ್ಲಿಷ್ ಅಲ್ಲಿ ಅಧಿಕೃತ ಭಾಷೆ. ಆದರೆ ಅವರ ಸ್ವಂತ ಮಾಲ್ಟೀಸ್ ಭಾಷೆಗೆ ಸ್ವಲ್ಪ ಕಿವಿ ಕೊಡಿ. ಅರಬ್ಬಿಯ ಕವಲು, ಬರೆಯುವುದು ರೋಮನ್ ಲಿಪಿಯಲ್ಲಿ, ನಡುನಡುವೆ ಇಟಾಲಿಯನ್. ಯೂರೋಪಿಯನ್ ಒಕ್ಕೂಟದ ಅಧಿಕೃತ ಭಾಷೆಗಳಲ್ಲಿ ಸೆಮಿಟಿಕ್ ಕುಟುಂಬದ್ದು ಇದೊಂದೇ. ಜನ ಹೆಚ್ಚಾಗಿ ಕ್ಯಾಥೊಲಿಕರು, ದೇವರಿಗೆ ಹೇಳುವುದು "ಅಲ್ಲಾ". ನಮಗೂ ಪರಿಚಯದ ಪದಗಳು ಸಿಗುತ್ತವೆ. ಲೋಕಕ್ಕೆ "ದಿನ್ಯಾ", ಅದೇ ನಮ್ಮ ದುನಿಯಾ. ಪುಸ್ತಕಕ್ಕೆ "ಕ್ತೀಬ್", ಕಿತಾಬು. ವರ್ಷಕ್ಕೆ "ಸೆನಾ", ಹಳೇ ಪತ್ರಗಳಲ್ಲಿ ನಾವು ಬರೆಯುವ ಸನ್. ಅರಬ್ಬಿಯಿಂದ ಒಂದು ದಾರಿ ಅಲ್ಲಿಗೆ ಹೋಯಿತು, ಪಾರ್ಸಿಯ ಮೂಲಕ ಇನ್ನೊಂದು ದಾರಿ ಇಲ್ಲಿಗೆ ಬಂತು. ಧನ್ಯವಾದಕ್ಕೆ "ಗ್ರಾತ್ಸಿ" ಅನ್ನಿ, ಮುಖ ಅರಳುತ್ತದೆ.

ಶುದ್ಧ ಸಸ್ಯಾಹಾರಿಗಳು ಏನು ತಿನ್ನಬೇಕು?

ಈ ಪ್ರಶ್ನೆ ಕೇಳದವರೇ ಇಲ್ಲ. ಅಲ್ಲಿನ ಹೆಮ್ಮೆಯ ಅಡುಗೆ ಮೊಲದ ಮಾಂಸ, ಫೆನೆಕ್ ಅನ್ನುತ್ತಾರೆ. ಆದರೂ ಉಪವಾಸ ಬೀಳುವುದಿಲ್ಲ.

ಮೊದಲನೆಯದು ಪಾಸ್ತಿತ್ಸಿ. ನಮ್ಮ ಬೇಕರಿಯ ಪಫ್‌ಗೆ ದೂರದ ಅಣ್ಣ. ಒಳಗೆ ರಿಕೋಟ್ಟಾ ಎಂಬ ಮೆತ್ತನೆ ಗಿಣ್ಣು ಅಥವಾ ಬಟಾಣಿ. ಬೀದಿ ಬೀದಿಯಲ್ಲಿ ಗೂಡಂಗಡಿಯಂಥ ಜಾಗದಲ್ಲಿ ಮಾರುತ್ತಾರೆ. ಬೆಳಿಗ್ಗೆ ಒಲೆಯಿಂದ ತಟ್ಟೆ ಈಚೆ ಬಂದಾಗಲೇ ತಗೊಳ್ಳಿ. ಕಾಗದದ ಚೀಲದಲ್ಲಿ ಹಾಕಿ ಕೊಡುತ್ತಾರೆ, ಒಂದು ನಿಮಿಷದಲ್ಲಿ ಕಾಗದ ಜಿಡ್ಡಿಗೆ ಪಾರದರ್ಶಕ ಆಗುತ್ತದೆ. ಕಚ್ಚಿದರೆ ಮೇಲಿನ ಪದರ ಪುಡಿಪುಡಿಯಾಗಿ ಅಂಗಿಯ ಮೇಲೆ ಉದುರುತ್ತದೆ. ಒಳಗಿನ ಬಟಾಣಿ ನಾಲಿಗೆ ಸುಡುತ್ತದೆ. ಒಂದು ಮಾತು: ಕೆಲವು ಕಡೆ ಹಿಟ್ಟಿಗೆ ಪ್ರಾಣಿಯ ಕೊಬ್ಬು ಹಾಕುವುದುಂಟು. ಕೇಳಿಯೇ ತಿನ್ನಿ. ನಾನು ಮೊದಲ ಸಲ ಕೇಳಿರಲಿಲ್ಲ. ಆಯಿಗೆ ಅದನ್ನು ಹೇಳಿಲ್ಲ, ನೀವೂ ಹೇಳಬೇಡಿ.

ಇನ್ನು ಹೊಬ್ಸ್ ಬಿಝ್-ಝೇಯ್ತ್, ಅಂದರೆ ಎಣ್ಣೆ ಹಚ್ಚಿದ ಬ್ರೆಡ್ಡು. ಗಟ್ಟಿ ಸಿಪ್ಪೆಯ ಬ್ರೆಡ್ಡಿಗೆ ಟೊಮ್ಯಾಟೊ ಉಜ್ಜಿ, ಆಲಿವ್ ಎಣ್ಣೆ, ಕೇಪರ್ ಮೊಗ್ಗು ಹಾಕುತ್ತಾರೆ. ಅದರಲ್ಲಿ ಟ್ಯೂನಾ ಮೀನು ಸಾಮಾನ್ಯ, ಬೇಡ ಎಂದು ಮೊದಲೇ ಹೇಳಿ. ಬಿಜಿಲ್ಲಾ ಎಂಬ ಕಾಳಿನ ಚಟ್ನಿ ಇದೆ, ಬೆಳ್ಳುಳ್ಳಿ ಹಾಕಿ ರುಬ್ಬಿದ್ದು. ಆಯಿಗೆ ಬಹಳ ಹಿಡಿಸಿತು. ಸಿಹಿಗೆ ಇಮ್‌ಆರೆತ್, ಖರ್ಜೂರದ ಹೂರಣ ತುಂಬಿ ಎಣ್ಣೆಯಲ್ಲಿ ಕರಿದದ್ದು. ವ್ಯಾಲೆಟ್ಟಾದ ಬಾಗಿಲ ಹೊರಗೆ ಬಸ್ ನಿಲ್ದಾಣದ ಹತ್ತಿರ ಬಿಸಿಬಿಸಿ ಸಿಗುತ್ತದೆ. ಕಿನ್ನಿ ಎಂಬ ಕಹಿ ಕಿತ್ತಳೆಯ ಸೋಡಾ ಒಂದು ಸಲ ಕುಡಿದು ನೋಡಿ. ಎರಡನೇ ಸಲ ಕುಡಿಯುವುದು ನಿಮಗೆ ಬಿಟ್ಟದ್ದು.

ಭಾರತೀಯ ಹೋಟೆಲುಗಳೂ ಇವೆ. ಸಾಕಷ್ಟು ಭಾರತೀಯರು ಅಲ್ಲಿ ಕೆಲಸದಲ್ಲಿದ್ದಾರೆ.

ನಲ್ಲಿ ನೀರು ಕುಡಿಯಬಹುದಾ?

ಕುಡಿಯಬಹುದು, ರುಚಿ ಇಲ್ಲ. ದೇಶದಲ್ಲಿ ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲ. ಈಗ ಬಹುಪಾಲು ನೀರು ಬರುವುದು ಸಮುದ್ರದ ಉಪ್ಪು ತೆಗೆದು. ಹಿಂದೆ ವ್ಯಾಲೆಟ್ಟಾದಲ್ಲಿ ಮನೆ ಕಟ್ಟುವವರು ಮಳೆನೀರಿನ ತೊಟ್ಟಿ ಮಾಡಲೇಬೇಕೆಂಬ ನಿಯಮ ಇತ್ತು. ಮಳೆನೀರು ಸಂಗ್ರಹ ಅನ್ನುವುದನ್ನು ಅವರು ನಾನೂರೈವತ್ತು ವರ್ಷದ ಹಿಂದೆಯೇ ಕಡ್ಡಾಯ ಮಾಡಿದ್ದರು.

ಯಾವ ತಿಂಗಳು ಒಳ್ಳೆಯದು?

ಏಪ್ರಿಲ್, ಮೇ ಅಥವಾ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್. ಏಪ್ರಿಲ್‌ನಲ್ಲಿ ಹೊಲದ ತುಂಬ ಹೂವು, ಅಕ್ಟೋಬರಿನಲ್ಲಿ ಸಮುದ್ರ ಇನ್ನೂ ಬೆಚ್ಚಗಿರುತ್ತದೆ. ಜುಲೈ-ಆಗಸ್ಟ್‌ನಲ್ಲಿ 35 ಡಿಗ್ರಿ ದಾಟುವುದುಂಟು, ನೆರಳು ಕಡಿಮೆ, ಜನ ಜಾಸ್ತಿ, ರೂಮಿನ ಬಾಡಿಗೆಯೂ ಜಾಸ್ತಿ. ಸಹಾರಾ ಕಡೆಯಿಂದ ಬೀಸುವ ತೇವದ ಗಾಳಿಗೆ ಅಲ್ಲಿಯವರು ಶ್ಲೋಕ್ ಅನ್ನುತ್ತಾರೆ. ನಮ್ಮ ಶ್ಲೋಕಕ್ಕೂ ಅದಕ್ಕೂ ಸಂಬಂಧ ಇಲ್ಲ. ಮೇ ತಿಂಗಳ ಮಂಗಳೂರು ನೆನಪಾಗುತ್ತದೆ.

ಬೇಸಿಗೆಯಲ್ಲೇ ಹೋಗಬೇಕಾದರೆ ಒಂದು ಲಾಭ ಇದೆ, ಫೆಸ್ತಾ. ಪ್ರತಿ ಊರಿಗೂ ಒಬ್ಬ ಸಂತ, ವರ್ಷಕ್ಕೊಂದು ಜಾತ್ರೆ. ಬೀದಿಗೆ ತೋರಣ, ಬ್ಯಾಂಡು, ಹೆಗಲ ಮೇಲೆ ಸಂತನ ಮೂರ್ತಿಯ ಮೆರವಣಿಗೆ, ಬೆಳಗಿನಿಂದ ಪಟಾಕಿ. ಕೆಲವು ಊರುಗಳಲ್ಲಿ ಎರಡು ಬ್ಯಾಂಡ್ ಕ್ಲಬ್ಬುಗಳಿದ್ದು ಯಾರದು ಜೋರು ಎಂಬ ಪೈಪೋಟಿ ತಲೆಮಾರುಗಳಿಂದ ನಡೆದಿದೆ. ತೇರಿನ ದಿನ ಕೇರಿ ಕೇರಿ ನಡುವಿನ ಪೈಪೋಟಿ ಕಂಡವರಿಗೆ ವಿವರಿಸಬೇಕಿಲ್ಲ.

ವೀಸಾ ಹೇಗೆ?

ಷೆಂಗೆನ್ ವೀಸಾ ಬೇಕು, ಅಂದರೆ ಯೂರೋಪಿನ ಹಲವು ದೇಶಗಳಿಗೆ ಸೇರಿ ಕೊಡುವ ಒಂದೇ ವೀಸಾ. ವಯಸ್ಕರಿಗೆ ಶುಲ್ಕ 90 ಯೂರೋ, ಅರ್ಜಿ ಕೇಂದ್ರದ ಸೇವಾ ಶುಲ್ಕ ಬೇರೆ. ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವಿಮೆ ಬೇಕು. ಆರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು. ಬೇರೆ ದೇಶಗಳೂ ಸೇರಿದ್ದರೆ ಯಾವ ದೇಶದಲ್ಲಿ ಹೆಚ್ಚು ದಿನ ಇರುತ್ತೀರೋ ಅಲ್ಲಿಗೆ ಅರ್ಜಿ. ಇದೇ ವೀಸಾದಲ್ಲಿ ಸಿಸಿಲಿಗೂ ಹೋಗಬಹುದು, ವ್ಯಾಲೆಟ್ಟಾದಿಂದ ವೇಗದ ದೋಣಿಯಲ್ಲಿ ಎರಡು ಗಂಟೆಯೊಳಗಿನ ದಾರಿ.

ವಿಮಾನ?

ಬೆಂಗಳೂರಿನಿಂದ ನೇರ ವಿಮಾನ ಇಲ್ಲ. ದುಬೈ, ಇಸ್ತಾಂಬುಲ್ ಅಥವಾ ಯೂರೋಪಿನ ಯಾವುದಾದರೂ ಊರಿನಲ್ಲಿ ಬದಲಿಸಬೇಕು. ಇಳಿಯುವಾಗ ಕಿಟಕಿ ಪಕ್ಕ ಕೂತರೆ ಇಡೀ ದೇಶ ಒಂದೇ ನೋಟಕ್ಕೆ ಕಾಣುತ್ತದೆ.

ಓಡಾಟಕ್ಕೆ ಬಸ್ಸಾ, ಕಾರಾ?

ಬಸ್ಸು. ಹೆಚ್ಚಿನವು ವ್ಯಾಲೆಟ್ಟಾದ ಬಾಗಿಲ ಎದುರಿನಿಂದ ಹೊರಡುತ್ತವೆ. ಒಂದು ಟಿಕೆಟ್ಟಿಗೆ ಎರಡು ಗಂಟೆ ಓಡಾಡಬಹುದು. ತುಂಬಿದ ಬಸ್ಸು ನಿಲ್ದಾಣದಲ್ಲಿ ನಿಲ್ಲದೆ ಹೋಗುತ್ತದೆ, ಬೇಸರ ಪಡಬೇಡಿ, ನಮಗೇನು ಹೊಸದಾ? ಕಾರು ಓಡಿಸುವವರಿಗೆ ಅಲ್ಲೂ ಎಡಗಡೆ ಸಂಚಾರ, ಆದರೆ ಪಾರ್ಕಿಂಗ್ ಸಿಗುವುದಿಲ್ಲ. ಬ್ರಿಟಿಷರು ಬಿಟ್ಟುಹೋದದ್ದು ಇನ್ನೊಂದಿದೆ, ಚೌಕ ಕಾಲಿನ ಮೂರು ಪಿನ್ನಿನ ಪ್ಲಗ್ಗು. ನಮ್ಮದು ಹಿಡಿಯುವುದಿಲ್ಲ, ಅಡಾಪ್ಟರ್ ಇಲ್ಲಿಂದಲೇ ಒಯ್ಯಿರಿ.

ಗೋಝೋಗೆ ಹೋಗಿ ಅದೇ ದಿನ ವಾಪಸ್ ಬರಬಹುದಾ?

ಬರಬಹುದು. ಆದರೆ ಒಂದು ರಾತ್ರಿ ಉಳಿಯಿರಿ. ಮುಖ್ಯ ದ್ವೀಪದ ಚಿರ್ಕೆವ್ವಾ ಬಂದರಿನಿಂದ ದೋಣಿಯಲ್ಲಿ 25 ನಿಮಿಷ. ಹೋಗುವಾಗ ದುಡ್ಡು ಕೇಳುವುದಿಲ್ಲ, ಬರುವಾಗ ತಗೊಳ್ಳುತ್ತಾರೆ. "ಹಾಗಾದ್ರೆ ಅಲ್ಲೇ ಉಳಿದುಬಿಟ್ರೆ?" ಎಂದು ಆಯಿ ಕೇಳಿದಳು. ಆ ದೋಣಿಯಲ್ಲಿ ಎಲ್ಲರೂ ಅದನ್ನೇ ಯೋಚಿಸುತ್ತಾರೆ ಅನಿಸುತ್ತದೆ.

ಗೋಝೋದ ನಡುವೆ ಎತ್ತರದಲ್ಲಿ ಚಿತ್ತಾದೆಲ್ಲಾ ಎಂಬ ಕೋಟೆ. 1551ರಲ್ಲಿ ತುರ್ಕರ ಹಡಗುಗಳು ಬಂದು ಸುಮಾರು ಐದು ಸಾವಿರ ಜನರನ್ನು ಗುಲಾಮರಾಗಿ ಹೊತ್ತೊಯ್ದವು. ಅಂದರೆ ದ್ವೀಪ ಹೆಚ್ಚುಕಡಿಮೆ ಖಾಲಿ. ಆಮೇಲೆ 1637ರ ತನಕ ಊರವರೆಲ್ಲ ರಾತ್ರಿ ಈ ಕೋಟೆಯೊಳಗೇ ಮಲಗಬೇಕೆಂಬ ಕಟ್ಟಳೆ ಇತ್ತು. ಗೋಡೆಯ ಮೇಲೆ ನಿಂತು ಸುತ್ತ ನೋಡಿದರೆ ಹೊಲ, ಪಾಪಸುಕಳ್ಳಿ ಬೇಲಿ, ಚರ್ಚಿನ ಗುಮ್ಮಟ, ಆಚೆ ಕಡಲು. ಹಗಲಿಡೀ ಆ ಹೊಲದಲ್ಲಿ ದುಡಿದು ಕತ್ತಲಾಗುವ ಮುಂಚೆ ಮಕ್ಕಳನ್ನು ಎಳೆದುಕೊಂಡು ಈ ಗುಡ್ಡ ಹತ್ತಿದವರು ನೆನಪಾಗುತ್ತಾರೆ.

ಹಳೆಯ ಫೋಟೋ ನೋಡಿ ಅಝೂರ್ ವಿಂಡೋ ಎಲ್ಲಿ ಎಂದು ಕೇಳಬೇಡಿ. ಆ ಕಲ್ಲಿನ ಕಮಾನು 2017ರ ಮಾರ್ಚ್ 8ರಂದು ಬಿರುಗಾಳಿಗೆ ಸಮುದ್ರ ಸೇರಿತು.

ಬೀಚು ಹೇಗಿದೆ?

ನಮ್ಮ ಕರಾವಳಿ ನೋಡಿದವರಿಗೆ ಮರಳು ಸಾಲದು. ಹೆಚ್ಚಿನ ಕಡೆ ಬಂಡೆ, ಏಣಿ ಹಿಡಿದು ನೀರಿಗಿಳಿಯಬೇಕು. ನೀರು ಮಾತ್ರ ಗಾಜಿನಂತೆ ತಿಳಿ. ಕೊಮಿನೋದ ಬ್ಲೂ ಲಗೂನ್ ಹೆಸರುವಾಸಿ, ಬೇಸಿಗೆಯಲ್ಲಿ ಕಾಲಿಡಲು ಜಾಗವಿಲ್ಲ. ಈಗ ಮುಂಗಡ ಬುಕಿಂಗ್ ಮಾಡಿದ್ದಾರೆ. ನನ್ನನ್ನು ಕೇಳಿದರೆ ಅದರ ಬದಲು ಮಾರ್ಸಾಶ್ಲೋಕ್ ಎಂಬ ಮೀನುಗಾರರ ಊರಿಗೆ ಹೋಗಿ. ಹಳದಿ, ಕೆಂಪು, ನೀಲಿ ಬಣ್ಣದ ಲುತ್ಸು ದೋಣಿಗಳ ಮೂತಿಯ ಎರಡೂ ಕಡೆ ಕಣ್ಣು ಬರೆದಿರುತ್ತಾರೆ, ಕೆಟ್ಟದ್ದು ತಾಗದಿರಲಿ ಎಂದು. ಕೆಲವು ಚರ್ಚುಗಳಲ್ಲಿ ಎರಡೆರಡು ಗಡಿಯಾರ, ಒಂದು ಸರಿ, ಇನ್ನೊಂದು ತಪ್ಪು. ಸೈತಾನನಿಗೆ ಪ್ರಾರ್ಥನೆಯ ಹೊತ್ತು ಗೊತ್ತಾಗಬಾರದಂತೆ.

ವಯಸ್ಸಾದವರನ್ನು ಕರೆದುಕೊಂಡು ಹೋಗಬಹುದಾ?

ಮೊಣಕಾಲು ನೋವಿದ್ದರೆ ವ್ಯಾಲೆಟ್ಟಾದ ಮೆಟ್ಟಿಲು ಬೀದಿಗಳು ಕಷ್ಟ. ಬಂದರಿನಿಂದ ಮೇಲಕ್ಕೆ ಬರ್‍ರಾಕ್ಕಾ ಲಿಫ್ಟ್ ಇದೆ, 58 ಮೀಟರ್ ಎತ್ತರ, ಅದನ್ನೇ ಹಿಡಿಯಿರಿ. ಮೇಲಿನ ಮುಖ್ಯ ಬೀದಿ ಬಹುಪಾಲು ಮಟ್ಟಸ. ದಿನಕ್ಕೆ ಒಂದೇ ಜಾಗ ಇಟ್ಟುಕೊಂಡರೆ ಆಯಾಸ ಇಲ್ಲ.

ಆಯಿಗೆ ಬಹಳ ಇಷ್ಟವಾದದ್ದು ಮೊಸ್ತಾದ ದೊಡ್ಡ ಗುಮ್ಮಟದ ಚರ್ಚು. ಎರಡನೇ ಮಹಾಯುದ್ಧದ ಹೊತ್ತು, 1942ರ ಏಪ್ರಿಲ್ 9ರಂದು ಮುನ್ನೂರಕ್ಕೂ ಹೆಚ್ಚು ಜನ ಪೂಜೆಗೆ ಕಾದಿದ್ದಾಗ ಬಾಂಬೊಂದು ಗುಮ್ಮಟ ತೂತು ಮಾಡಿ ಒಳಗೆ ಬಿತ್ತು, ಸಿಡಿಯಲಿಲ್ಲ. ಅಂಥದೇ ಒಂದು ಬಾಂಬಿನ ಮಾದರಿ ಅಲ್ಲಿಟ್ಟಿದ್ದಾರೆ. ಆಯಿ ಕೈಮುಗಿದದ್ದು ಯಾವುದಕ್ಕೆ ಎಂದು ನಾನು ಕೇಳಲಿಲ್ಲ. ಆ ವರ್ಷ ಮಾಲ್ಟಾ ತಿಂದ ಬಾಂಬುಗಳಿಗೆ ಲೆಕ್ಕವಿಲ್ಲ. ಅದೇ ತಿಂಗಳು ಬ್ರಿಟನ್ನಿನ ರಾಜ ಇಡೀ ದ್ವೀಪಕ್ಕೇ ಜಾರ್ಜ್ ಕ್ರಾಸ್ ಎಂಬ ಶೌರ್ಯ ಪದಕ ಕೊಟ್ಟ. ಈಗಲೂ ಅವರ ಬಾವುಟದ ಮೂಲೆಯಲ್ಲಿ ಅದು ಇದೆ.

ಭಾರತಕ್ಕೂ ಮಾಲ್ಟಾಕ್ಕೂ ಏನಾದರೂ ನಂಟಿದೆಯಾ?

ಇದೆ. 1878ರಲ್ಲಿ ರಷ್ಯಾದ ಜೊತೆ ಯುದ್ಧ ಆಗಬಹುದೆಂದು ಬ್ರಿಟಿಷರು ಸುಮಾರು ಏಳು ಸಾವಿರ ಭಾರತೀಯ ಸಿಪಾಯಿಗಳನ್ನು ಹಡಗಿನಲ್ಲಿ ಇಲ್ಲಿಗೆ ತಂದಿಟ್ಟಿದ್ದರು. ಯುದ್ಧ ಆಗಲಿಲ್ಲ. ಸೂಯೆಜ್ ಕಾಲುವೆ ತೆರೆದ ಮೇಲೆ ಬೊಂಬಾಯಿಯಿಂದ ಲಂಡನ್ನಿಗೆ ಹೋಗುವ ಹಡಗುಗಳು ಇಲ್ಲಿ ನಿಲ್ಲುತ್ತಿದ್ದವು. ಹಾಗೆ ಬಂದ ಸಿಂಧಿ ವ್ಯಾಪಾರಿಗಳು ವ್ಯಾಲೆಟ್ಟಾದಲ್ಲಿ ರೇಷ್ಮೆ, ಬಟ್ಟೆಯ ಅಂಗಡಿ ಇಟ್ಟರು, ಅವರ ಮನೆತನಗಳು ಇವತ್ತಿಗೂ ಅಲ್ಲಿವೆ. ಪಿಯೆತಾದ ಮಿಲಿಟರಿ ಸ್ಮಶಾನದಲ್ಲಿ ಮೊದಲ ಮಹಾಯುದ್ಧದ ಹೊತ್ತಿಗೆ ತೀರಿಕೊಂಡ ಭಾರತೀಯರಿಗೆ ಒಂದು ಸ್ಮಾರಕ ಇದೆ.

ಇಷ್ಟವಾಗದ್ದು ಏನೂ ಇಲ್ವಾ?

ಇದೆ. ಎಲ್ಲಿ ನೋಡಿದರೂ ಕ್ರೇನು. ಹಳೆಯ ಮನೆ ಕೆಡವಿ ಫ್ಲ್ಯಾಟು ಕಟ್ಟುವ ಹುಚ್ಚು ಅಲ್ಲೂ ಜೋರಾಗಿದೆ. ಸ್ಲೀಮಾದಲ್ಲಿ ನಾನು ಬುಕ್ ಮಾಡಿದ ರೂಮಿಗೆ "ಸಮುದ್ರದ ನೋಟ" ಎಂದು ಬರೆದಿತ್ತು. ನೋಟ ಇತ್ತು, ಎರಡು ಕಟ್ಟಡಗಳ ಸಂದಿಯಲ್ಲಿ ಒಂದು ಗೇಣು. ಬೆಳಿಗ್ಗೆ ಏಳಕ್ಕೇ ಡ್ರಿಲ್ಲಿಂಗ್ ಶುರು. ಅದಕ್ಕೇ ಎರಡನೇ ಸಲ ನೀರಿನಾಚೆಯ ಬಿರ್ಗುವಿನಲ್ಲಿ ಉಳಿದೆವು. ಅಲ್ಲಿಂದ ವ್ಯಾಲೆಟ್ಟಾಗೆ ದೋಣಿ ಇದೆ, ರಾತ್ರಿ ಸದ್ದಿಲ್ಲ.

ಒಟ್ಟು ಎಷ್ಟು ದಿನ ಬೇಕು?

ಆರು. ವ್ಯಾಲೆಟ್ಟಾ ಎರಡು, ಗೋಝೋ ಎರಡು, ಗುಡಿಗಳಿಗೆ ಒಂದು, ಏನೂ ಮಾಡದೆ ಕೂರುವುದಕ್ಕೆ ಒಂದು. ಕೊನೆಯದನ್ನು ಎಲ್ಲರೂ ಕತ್ತರಿಸುತ್ತಾರೆ. ಕತ್ತರಿಸಬೇಡಿ.

ಅಲ್ಲಿಂದ ಏನು ತರಬೇಕು?

ಗೋಝೋದ ಉಪ್ಪು. ಮಾರ್ಸಲ್ಫೋರ್ನ್ ಹತ್ತಿರ ಕಡಲಂಚಿನ ಬಂಡೆಯಲ್ಲೇ ಚೌಕ ಚೌಕ ಗುಂಡಿ ಕೊರೆದಿದ್ದಾರೆ. ಅಲೆಯ ನೀರು ತುಂಬುತ್ತದೆ, ಬಿಸಿಲಿಗೆ ಆರುತ್ತದೆ, ಉಪ್ಪು ಗುಡಿಸಿ ರಾಶಿ ಹಾಕುತ್ತಾರೆ. ರಸ್ತೆಯ ಪಕ್ಕವೇ ಮಾರುತ್ತಾರೆ. ಆಯಿ ಮಾರುವವಳ ಹತ್ತಿರ ಕೈಸನ್ನೆಯಲ್ಲೇ ಅರ್ಧ ಗಂಟೆ ಮಾತಾಡಿದಳು. ಗುಡಿಸುವುದು ಹೇಗೆ, ಮಳೆ ಬಂದರೆ ಏನು ಮಾಡುತ್ತೀರಿ, ಎಲ್ಲ. ಎರಡು ಪೊಟ್ಟಣ ತಂದೆವು. ಆ ವರ್ಷದ ಮಾವಿನ ಮಿಡಿಗೆ ಒಂದು ಪೊಟ್ಟಣ ಹಾಕಿ ನೋಡಿದಳು. ತಿಂಗಳು ಬಿಟ್ಟು ಭರಣಿ ತೆರೆದು, ಒಂದು ಮಿಡಿ ಕಚ್ಚಿ, ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: "ಅಡ್ಡಿಲ್ಲ ತಮಾ. ಆದ್ರೆ ಮಿಡಿಗೆ ಸಾಣಿಕಟ್ಟಾ ಉಪ್ಪೇ ಸೈ."